ಪಕ್ಕದ ಸೀಟಿನ ಬ್ರೇಕು

ಮೂರನೆಯ ಗೇಮಿನಲ್ಲಿ ಒಂಬತ್ತು–ಎಂಟರಿಂದ ಮುಂದಿದ್ದಾಗ ಚೆಂಡು ಸಿಸ್ಟರ್ ಕಡೆಗೆ ಬಂತು. ಸುಲಭದ ಚೆಂಡು. ನೆಟ್ಟಿನ ಮೇಲೆ ಒಂದು ಗೇಣು ಎದ್ದು, ಅತ್ತಿತ್ತ ತಿರುಗದೆ, ಹೊಡೆಯಿರಿ ಎಂದು ಕೇಳಿಕೊಂಡು ಬರುವಂಥದು. ಸಿಸ್ಟರ್ ಕಾಲೂರಿ ಬ್ಯಾಟನ್ನು ಹಿಂದಕ್ಕೆ ಒಯ್ದರು. ಮುಂದಕ್ಕೆ ತರುವಷ್ಟರಲ್ಲಿ ಎಡಗಡೆಯಿಂದ ಇನ್ನೊಂದು ಬ್ಯಾಟು ನುಗ್ಗಿ, ಅದನ್ನು ಎದುರಾಳಿಗಳ ಮೂಲೆಗೆ ಅಟ್ಟಿಬಿಟ್ಟಿತು. ಹೊಡೆತ ಅಮೋಘವಾಗಿತ್ತು. ಪಾಯಿಂಟು ಹೋಯಿತು.

ಟೇಬಲ್ ಟೆನಿಸ್ ಡಬಲ್ಸ್‌ನಲ್ಲಿ ಜೋಡಿಯ ಇಬ್ಬರೂ ಸರದಿಯ ಮೇಲೆ ಹೊಡೆಯಬೇಕು: ಒಂದು ಚೆಂಡು ನಿನ್ನದು, ಮುಂದಿನದು ನನ್ನದು. ಸರದಿ ತಪ್ಪಿಸಿದರೆ ಎಂಥ ಹೊಡೆತವಾದರೂ ಪಾಯಿಂಟು ಎದುರಿನವರಿಗೆ. ಇದು ಆ ಇನ್ನೊಂದು ಬ್ಯಾಟಿನ ಒಡೆಯ, ಸಿಸ್ಟರ್ ಗಂಡ ಮೇಷ್ಟ್ರಿಗೆ ಗೊತ್ತಿಲ್ಲದ್ದಲ್ಲ. ಐವತ್ತು ವರ್ಷದಿಂದ ಬ್ಯಾಟು ಹಿಡಿದವರು. ಬೇರೆಯವರು ತಪ್ಪಿದರೆ ಆಟ ನಿಲ್ಲಿಸಿ, ಬೆರಳೆತ್ತಿ, ನಿಯಮವನ್ನು ಒಂದಕ್ಷರವೂ ಬಿಡದೆ ಒಪ್ಪಿಸುವವರು.

“ರೀ, ಅದು ನನ್ನ ಚೆಂಡು,” ಎಂದರು ಸಿಸ್ಟರ್.

“ಗೊತ್ತು ಕಣೆ.”

“ಗೊತ್ತಿದ್ದೂ?”

“ನೀನು ತಡ ಮಾಡ್ತಿದ್ದೆ.”

“ನಾನು ಹೊಡೀತಿದ್ದೆ.”

“ಹೊಡೀತಿದ್ದೆ, ಇಲ್ಲ ಅಂದೋರ್ಯಾರು. ನೆಟ್ಟಿಗೆ ಹೊಡೀತಿದ್ದೆ.”

ಕುರ್ಚಿಯಲ್ಲಿ ಕೂತು ಅಂಕ ಬರೆಯುತ್ತಿದ್ದವನು ಸಿಸ್ಟರ್ ತಮ್ಮ. ಗಡಿಯಾರ ರಿಪೇರಿಯವನು, ಬಗ್ಗಿ ಬಗ್ಗಿ ಬೆನ್ನು ಹೋದ ಮೇಲೆ ಆಟ ಬಿಟ್ಟು ಅಂಕ ಹಿಡಿದವನು. ಅವನು ತಲೆಯೆತ್ತದೆ ಹೇಳಿದ: “ಒಂಬತ್ತು–ಒಂಬತ್ತು. ಇವತ್ತಿಗಿದು ಹದಿನಾಲ್ಕನೇದು, ಭಾವ.”

“ಯಾವುದು ಹದಿನಾಲ್ಕನೇದು?”

“ಅಕ್ಕನ ಚೆಂಡು ನೀವು ಹೊಡೆದದ್ದು. ಅದಕ್ಕೆ ಬೇರೆ ಗೀಟು ಹಾಕಿಟ್ಟಿದೀನಿ.”

ಮೇಷ್ಟ್ರು ಪಾಠ ಹೇಳಿದ್ದು ಶಾಲೆಯಲ್ಲಲ್ಲ, ಕಾರಿನಲ್ಲಿ. ಮೂವತ್ತನಾಲ್ಕು ವರ್ಷ ಜನರಿಗೆ ಕಾರು ಓಡಿಸಲು ಕಲಿಸಿದವರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದೆ. ಕಲಿಯುವವನು ಸ್ಟೀರಿಂಗ್ ಹಿಡಿದು, ಇಡೀ ರಸ್ತೆ ತನ್ನ ಕೈಯಲ್ಲಿದೆ ಎಂದುಕೊಂಡಿರುತ್ತಾನೆ. ಅಷ್ಟರಲ್ಲಿ ಕಾರು ತಾನಾಗಿ ನಿಂತುಬಿಡುತ್ತದೆ. ಮೇಷ್ಟ್ರು ಆ ಬ್ರೇಕನ್ನು ಒತ್ತಿ ಒತ್ತಿ ಎಷ್ಟೋ ಗೋಡೆ, ಕಂಬ, ತಳ್ಳುಗಾಡಿಗಳನ್ನು ಉಳಿಸಿದ್ದರು. ನಿವೃತ್ತಿಯ ದಿನ ಕಾರನ್ನು ಹಿಂದಿರುಗಿಸಿದರು; ಬ್ರೇಕು ಮಾತ್ರ ಮೈಯಲ್ಲೇ ಉಳಿಯಿತು. ಹಾಲು ಉಕ್ಕುವ ಮೊದಲೇ, ಸಿಸ್ಟರ್ ಅಲ್ಲೇ ನಿಂತು ನೋಡುತ್ತಿದ್ದರೂ, ಒಲೆ ಆರಿಸುವುದು. ಅವರು ಫೋನಿನಲ್ಲಿ ಮಾತಾಡುತ್ತಿದ್ದರೆ ಮುಂದಿನ ವಾಕ್ಯವನ್ನು ಪಕ್ಕದಿಂದ ಒದಗಿಸುವುದು. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರೆ ಇವರು ಉಸಿರು ಬಿಗಿಹಿಡಿಯುವುದು.

ಸೂಜಿ ದಾರದ ವಿಷಯದಲ್ಲಿ ಸಿಸ್ಟರ್‌ಗೆ ಯಾರ ಉಸಿರಿನ ನೆರವೂ ಬೇಕಿರಲಿಲ್ಲ. ಮೂವತ್ತಾರು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ನಿಂತವರು. ನಿಂತು ನಿಂತೇ ಮಂಡಿಗಳು ಸವೆದವು. ಯಾವ ಸರ್ಜನ್ನರ ಕೈಗೆ ಇಪ್ಪತ್ತು ವರ್ಷ ಕತ್ತರಿ ಇಕ್ಕಳ ಕೊಟ್ಟಿದ್ದರೋ ಅವರೇ ಎರಡೂ ಮಂಡಿ ಬದಲಾಯಿಸಿ, “ಏನಾದರೂ ಆಡಿ ಸಿಸ್ಟರ್. ಯಾವುದು ಅಂತ ನಾನು ಹೇಳಲ್ಲ. ನಿಮಗೆ ಬೇಜಾರಾಗದೇ ಇರೋದು ಯಾವುದೋ ಅದು. ಬೇಜಾರಾದರೆ ಬಿಡ್ತೀರಿ, ಬಿಟ್ಟರೆ ನನ್ನ ಕೆಲಸ ಹಾಳು,” ಎಂದಿದ್ದರು.

ಮೊದಲು ನಡಿಗೆ. ಗಂಡ ಜೊತೆಗೆ ಬಂದು, ಪ್ರತಿ ತಿರುವಿನಲ್ಲೂ ಎಡಗೈ ಅಡ್ಡ ಹಿಡಿದು, ರಸ್ತೆ ದಾಟಿಸತೊಡಗಿದ ಮೇಲೆ ಅದು ನಿಂತಿತು. ಆಮೇಲೆ ಈಜು. ನೀರಿನೊಳಗೆ ಯಾರ ಮಾತೂ ಕೇಳಿಸುವುದಿಲ್ಲವಾದ್ದರಿಂದ ಅದು ತುಂಬ ಹಿಡಿಸಿತ್ತು. ಆದರೆ ಈಜುಕೊಳವನ್ನು ಎರಡು ವಾರದ ರಿಪೇರಿಗೆಂದು ಮುಚ್ಚಿ ಎರಡು ವರ್ಷವಾಗಿತ್ತು. ಕಡೆಗೆ ಮೇಷ್ಟ್ರೇ ಅವರನ್ನು ಟೇಬಲ್ ಟೆನಿಸ್ ಆಡುವ ಈ ಹಾಲಿಗೆ ಕರೆತಂದರು. ಬಂದ ಮೊದಲ ದಿನವೇ ಸಿಸ್ಟರ್‌ಗೆ ಇದು ತಮ್ಮ ಜಾಗ ಅನ್ನಿಸಿತು. ನಡುವೆ ಒಂದು ಮೇಜು, ಮೇಲೆ ದೊಡ್ಡ ದೀಪ, ಸುತ್ತ ಮಾತಿಲ್ಲದೆ ನಿಂತ ನಾಲ್ಕು ಜನ, ಕಾಲಿಗೆ ಕಡಿಮೆ ಕೈಗೆ ಹೆಚ್ಚು ಕೆಲಸ. ಒಂದೂವರೆ ವರ್ಷದಲ್ಲಿ ಅರವತ್ತಮೂರರ ಆ ಹೆಂಗಸು ಎಷ್ಟು ಚೆನ್ನಾಗಿ ಆಡತೊಡಗಿದರೆಂದರೆ, ಅದು ಹಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಮೇಷ್ಟ್ರ ಕಷ್ಟ ಬೇರೆ. ಆಟಗಳು ಅವರನ್ನು ಒಂದೊಂದಾಗಿ ಬಿಟ್ಟುಹೋಗಿದ್ದವು. ಫುಟ್ಬಾಲು ಮೂವತ್ತೈದಕ್ಕೆ, ಹಿಮ್ಮಡಿಯ ಜೊತೆ. ಬ್ಯಾಡ್ಮಿಂಟನ್ನು ಐವತ್ಮೂರಕ್ಕೆ, ಭುಜದ ಜೊತೆ. ಟೇಬಲ್ ಟೆನಿಸ್ ಸಿಂಗಲ್ಸು ಹೋದ ವರ್ಷ, ಅರವತ್ತೇಳರಲ್ಲಿ. ಎರಡೂ ಮೂಲೆಗೆ ಓಡುವ ಕೆಲಸ ಕಾಲಿಗೆ ಒಗ್ಗಲಿಲ್ಲ, ಸೋಲು ಸ್ವಭಾವಕ್ಕೆ ಒಗ್ಗಲಿಲ್ಲ. ಡಬಲ್ಸ್‌ನಲ್ಲಾದರೆ ಅರ್ಧ ಓಟ ಸಾಕು. ಆದರೆ ಅದಕ್ಕೊಬ್ಬ ಜೊತೆಗಾರ ಬೇಕು. ಬೇಕರಿಯವರು ಎರಡು ವಾರ ಆಡಿ, ಗುರುವಾರ ಬರುವುದನ್ನು ಬಿಟ್ಟು ಸೋಮವಾರ ಬರತೊಡಗಿದರು. ದಂತವೈದ್ಯರು ಏನೂ ಹೇಳದೆ ಎರಡನೆಯ ಟೇಬಲ್ಲಿಗೆ ಹೋದರು. ಎಲೆಕ್ಟ್ರೀಷಿಯನ್ ಒಬ್ಬ ಮಾತ್ರ ಬಾಯಿಬಿಟ್ಟು ಹೇಳಿದ್ದ: “ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಂಗೆ ಲೈಸೆನ್ಸು ಆಗ್ಲೇ ಇದೆ.”

ಉಳಿದವರು ಹೆಂಡತಿ. ವಾರ ಬದಲಾಯಿಸಿ ತಪ್ಪಿಸಿಕೊಳ್ಳುವ ಅನುಕೂಲ ಅವರಿಗಿರಲಿಲ್ಲ.

ಆ ಗುರುವಾರ ಹದಿನಾಲ್ಕು ಗೀಟಿನ ಆಟ ಮುಗಿದು, ಮೇಷ್ಟ್ರು ಟೇಬಲ್ಲಿನ ನೆಟ್ಟನ್ನು ಅಳೆಯುತ್ತಿದ್ದಾಗ—ಸೋತಾಗ ಅವರು ನೆಟ್ಟು ಅಳೆಯುತ್ತಾರೆ—ಲೈಬ್ರರಿ ಮೇಡಂ ಸಿಸ್ಟರ್ ಪಕ್ಕ ಬಂದು ಕೂತರು. ಎಪ್ಪತ್ತೊಂದರ ಸಣ್ಣ ಜೀವ. ಬ್ಯಾಟಿನ ರಬ್ಬರು ಸವೆದು ನುಣುಪಾಗಿತ್ತು. ಅದರಲ್ಲೇ ಯುವಕರಿಗೆ ನೀರಿಳಿಸುತ್ತಿದ್ದರು.

“ಒಂದು ವಾರದಿಂದ ನೀವು ಒಬ್ಬರೇ ಸಿಗಲಿ ಅಂತ ಕಾಯ್ತಿದೀನಿ,” ಎಂದರು ಮೆಲ್ಲಗೆ. “ನಿಮ್ಮ ಯಜಮಾನರು ನೀರು ಕುಡಿಯೋಕೂ ಆ ಕಡೆ ಹೋಗಲ್ಲ ನೋಡಿ. ನನ್ನ ಜೋಡಿ ಮಗಳ ಊರಿಗೆ ಹೋಗಿಬಿಟ್ಟಳು. ಹಿರಿಯರ ಪಂದ್ಯಕ್ಕೆ ಮಹಿಳಾ ಡಬಲ್ಸ್‌ನಲ್ಲಿ ನನ್ನ ಜೊತೆ ಆಡ್ತೀರಾ?”

ಸಿಸ್ಟರ್ ಗಂಡನ ಕಡೆ ನೋಡಿದರು. ಅವರು ಒಂದು ಕಣ್ಣು ಮುಚ್ಚಿ ನೆಟ್ಟಿನ ಮಟ್ಟ ನೋಡುತ್ತಿದ್ದರು.

“ಆಡುವಾಗ ನಾನು ಮಾತಾಡಲ್ಲ,” ಎಂದು ಮೇಡಂ ಸೇರಿಸಿದರು. “ಮೂವತ್ತು ವರ್ಷ ‘ನಿಶ್ಶಬ್ದ’ ಅನ್ನೋ ಬೋರ್ಡಿನ ಕೆಳಗೆ ಕೂತವಳು.”

ಸಿಸ್ಟರ್‌ಗೆ ಇಷ್ಟು ಒಳ್ಳೆಯ ಮಾತನ್ನು ಯಾರಾದರೂ ಹೇಳಿ ಬಹಳ ವರ್ಷವಾಗಿತ್ತು.

ತೊಡಕು ಒಂದೇ. ಪಂದ್ಯದವರು ಅರವತ್ತು ದಾಟಿದವರಿಗೆ ತಲೆಗೊಂದೇ ವಿಭಾಗ ಎಂದು ನಿಯಮ ಮಾಡಿದ್ದರು. ಹಿಂದಿನ ವರ್ಷ ಒಬ್ಬರು ಒಂದೇ ದಿನ ಮೂರು ವಿಭಾಗದಲ್ಲಿ ಆಡಿ, ಬಹುಮಾನವನ್ನು ಮಲಗಿಕೊಂಡೇ ಸ್ವೀಕರಿಸಿದ್ದರು. ಅಂದರೆ ಸಿಸ್ಟರ್ ಮೇಡಂ ಜೊತೆಗಾದರೂ ಆಡಬೇಕು, ಇಲ್ಲ ಗಂಡನ ಜೊತೆ ಮಿಕ್ಸೆಡ್ ಡಬಲ್ಸ್. ಫಾರಂ ಕೊಡಲು ಶನಿವಾರ ಕಡೆಯ ದಿನ.

ಮನೆಗೆ ಬಂದು ನೋಡಿದರೆ ಊಟದ ಮೇಜಿನ ಮೇಲೆ ಫಾರಂ ಆಗಲೇ ಭರ್ತಿಯಾಗಿ ಕೂತಿತ್ತು. ಮಿಕ್ಸೆಡ್ ಡಬಲ್ಸ್. ಇಬ್ಬರ ಹೆಸರು, ಇಬ್ಬರ ವಯಸ್ಸು, ಇಬ್ಬರ ರಕ್ತದ ಗುಂಪು. ಸಿಸ್ಟರ್ ಸಹಿ ಮಾಡಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಸಣ್ಣ ಬಾಣದ ಗುರುತು. ಮೂವತ್ತಾರು ವರ್ಷ ಸಂಬಳದ ಪುಸ್ತಕಕ್ಕೆ ಸಹಿ ಹಾಕಿದ ಹೆಂಗಸಿಗೆ ಎಲ್ಲಿ ಸಹಿ ಹಾಕಬೇಕೆಂದು ಬಾಣ.

“ನಾನು ಲೈಬ್ರರಿ ಮೇಡಂ ಜೊತೆ ಆಡೋಣ ಅಂತಿದೀನಿ,” ಎಂದರು ಸಿಸ್ಟರ್.

ಮೇಷ್ಟ್ರು ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿದರು. “ಯಾವುದರಲ್ಲಿ?”

“ಮಹಿಳಾ ಡಬಲ್ಸ್.”

“ಹಾಗಾದರೆ ನಾನು?”

“ನೀವು ಬೇರೆ ಯಾರನ್ನಾದರೂ ನೋಡ್ಕೊಳ್ಳಿ.”

“ಬೇರೆ ಯಾರಿದ್ದಾರೆ? ಎಲ್ಲರನ್ನೂ ಆಡಿಸಿ ನೋಡಿದೀನಿ. ಒಬ್ಬರಿಗೂ ಕಲಿಯೋ ಬುದ್ಧಿಯಿಲ್ಲ.”

“ಅವರು ಕಲಿಯೋಕೆ ಬಂದಿರಲಿಲ್ಲ ರೀ, ಆಡೋಕೆ ಬಂದಿದ್ದರು.”

“ಈ ಡಬಲ್ಸೂ ಹೋದರೆ ನಂಗೆ ಇನ್ನೇನೂ ಇಲ್ಲ ಕಣೆ. ನಿಂಗೆ ಗೊತ್ತು ಅದು.”

“ಗೊತ್ತು. ಹದಿನಾಲ್ಕು ಸಲ ನನ್ನ ಚೆಂಡು ಕಿತ್ತುಕೊಂಡರೆ ನನಗೂ ಏನೂ ಇಲ್ಲ, ಅದು ನಿಮಗೆ ಗೊತ್ತಾ? ಬೆವರೋದು ನಾನು, ಆಡೋದು ನೀವು. ಹೀಗೇ ಆದರೆ ನಾನು ಬ್ಯಾಟನ್ನ ಕಪಾಟಿಗೆ ಹಾಕಿ ಕೂತ್ಕೋತೀನಿ. ಡಾಕ್ಟರಿಗೆ ನೀವೇ ಉತ್ತರ ಹೇಳಿ.”

ಮೇಷ್ಟ್ರು ಬ್ರೆಡ್ಡಿನ ತುದಿಯವರೆಗೂ ಬೆಣ್ಣೆ ಸವರಿ ಮುಗಿಸಿದರು. ಆಮೇಲೆ ಒಂದು ಸಲಹೆ ಮುಂದಿಟ್ಟರು. ನಾಳೆ ಒಂದೇ ಒಂದು ಗೇಮು. ಅದರಲ್ಲಿ ತಮ್ಮ ಬ್ಯಾಟು ಒಂದು ಸಲ ಹೆಂಡತಿಯ ಚೆಂಡನ್ನು ಮುಟ್ಟಿದರೂ, “ಆಯಮ್ಮನ ಜೊತೆ ಹೋಗು, ನಾನು ತುಟಿ ಬಿಚ್ಚಲ್ಲ.” ಮುಟ್ಟದಿದ್ದರೆ ಬಾಣ ತೋರಿಸಿದ ಕಡೆ ಸಹಿ.

ತುಟಿ ಬಿಚ್ಚುವುದಿಲ್ಲ ಎಂಬ ಆಮಿಷಕ್ಕೆ ಸಿಸ್ಟರ್ ಒಪ್ಪಿದರು.

ಶುಕ್ರವಾರ ಸಂಜೆ ಎದುರಿಗೆ ನಿಂತವರು ಲೈಬ್ರರಿ ಮೇಡಂ ಮತ್ತು ಎಲೆಕ್ಟ್ರೀಷಿಯನ್. “ಮೇಷ್ಟ್ರು ನೆಟ್ಟಿನ ಆ ಕಡೆ ಇದ್ದರೆ ನಂದೇನೂ ಅಭ್ಯಂತರ ಇಲ್ಲ,” ಎಂದು ಎಲೆಕ್ಟ್ರೀಷಿಯನ್ ಖುಷಿಯಾಗಿಯೇ ಬಂದಿದ್ದ. ವಿಷಯ ಗೊತ್ತಾಗಿ ಎರಡನೆಯ ಟೇಬಲ್ಲಿನ ಆಟವೂ ನಿಂತಿತು. ದಂತವೈದ್ಯರು ಬೆವರೊರೆಸುವ ನೆಪದಲ್ಲಿ ಬಂದು ಬೆಂಚಿನ ಮೇಲೆ ಕೂತರು.

ಮೇಷ್ಟ್ರು ಸಿದ್ಧತೆ ಮಾಡಿಕೊಂಡು ಬಂದಿದ್ದರು. ತಮ್ಮ ಚೆಂಡನ್ನು ಹೊಡೆದ ತಕ್ಷಣ ಬ್ಯಾಟನ್ನು ಬೆನ್ನ ಹಿಂದೆ ಒಯ್ದು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಳ್ಳುವುದು. ಸಿಸ್ಟರ್ ಹೊಡೆದ ಮೇಲೆ ಬಿಡುವುದು. ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ನಿಂತಿರುತ್ತಿದ್ದರು. ಕೈ ಕಟ್ಟಿದ್ದಕ್ಕೆ ಕಾಲು ಮಾತಾಡತೊಡಗಿತು. ಪ್ರತಿ ಸಲ ಚೆಂಡು ಹೆಂಡತಿಯ ಕಡೆ ಬಂದಾಗಲೂ ಅವರ ಬಲಗಾಲು ನೆಲವನ್ನು ಧಪ್ಪೆಂದು ಒತ್ತುತ್ತಿತ್ತು.

“ಭಾವ, ಅದು ನೆಲ,” ಎಂದ ತಮ್ಮ.

“ನೀನು ಅಂಕ ಬರಿ.”

ಎರಡು–ಎರಡು. ನಾಲ್ಕು–ಐದು. ಕೈ ಬಿಡಿಸಿಕೊಳ್ಳುವುದು ತಡವಾಗಿ ಮೇಷ್ಟ್ರು ತಮ್ಮದೇ ಮೂರು ಚೆಂಡು ಬಿಟ್ಟರು. ಸಿಸ್ಟರ್ ಮಾತ್ರ ಹಿಂದೆಂದೂ ಆಡದ ಹಾಗೆ ಆಡುತ್ತಿದ್ದರು. ಅವರಿಗೇ ಆಶ್ಚರ್ಯ. ಬಂದ ಚೆಂಡು ಕೊನೆಯವರೆಗೂ ತಮ್ಮದೇ ಎಂದು ಗೊತ್ತಾದರೆ ಅದು ಇಷ್ಟು ನಿಧಾನವಾಗಿ ಬರುತ್ತದೆಂದು ಅವರಿಗೆ ತಿಳಿದಿರಲಿಲ್ಲ. ಎಲ್ಲಿಗೆ ಕಳಿಸಬೇಕೆಂದು ಯೋಚಿಸುವಷ್ಟು ಪುರಸೊತ್ತು. ಆರು–ಆರು. ಏಳು–ಏಳು. ಮೇಡಂ ಎದುರಿನಿಂದ ಒಂದು ಸಲ ಹುಬ್ಬು ಹಾರಿಸಿದರು. ಮೇಷ್ಟ್ರು ಒಂದೂ ಮುಟ್ಟಿರಲಿಲ್ಲ. ಪಂತ ಗೆಲ್ಲುತ್ತಿದ್ದರು. ಅಂದರೆ, ಮಿಕ್ಸೆಡ್ ಡಬಲ್ಸ್.

ಎಂಟು–ಏಳು. ಎಲೆಕ್ಟ್ರೀಷಿಯನ್ ಹೇಗೋ ಎತ್ತಿದ ಚೆಂಡು ದೀಪದ ಹತ್ತಿರದವರೆಗೆ ಹೋಗಿ ಇಳಿಯತೊಡಗಿತು. ಸಿಸ್ಟರ್ ಸರದಿ. ಅವರು ಕಾದರು. ಅಷ್ಟು ಎತ್ತರದ ಚೆಂಡಿಗೆ ಕಾಯಲೇಬೇಕು. ಆದರೆ ಕಾಯುವುದನ್ನು ನೋಡುತ್ತ ನಿಲ್ಲುವುದು ಮೇಷ್ಟ್ರ ಶಕ್ತಿಗೆ ಮೀರಿದ್ದು. ಒಂದು ಧಪ್. ಇನ್ನೊಂದು ಧಪ್. ಮೂರನೆಯದಕ್ಕೆ ಕಾಯದೆ ಕೈ ಬೆನ್ನಿನಿಂದ ಬಿಡಿಸಿಕೊಂಡು ಎಡಗಡೆಯಿಂದ ಬಂತು.

ಥಿಯೇಟರಿನಲ್ಲಿ ಸಿಸ್ಟರ್‌ದೂ ಒಂದು ನಿಯಮವಿತ್ತು. ಉಪಕರಣದ ತಟ್ಟೆ ಅವರದು. ಅದರ ಮೇಲೆ ಬೇರೆಯವರ ಕೈ ಬರಕೂಡದು. ಕೇಳಿದರೆ ಕೊಡುತ್ತಾರೆ, ಕೇಳುವ ಮೊದಲೇ ಕೊಟ್ಟಿರುತ್ತಾರೆ. ತಾನಾಗಿ ತೆಗೆದುಕೊಳ್ಳಲು ಬಂದ ಕೈಗೆ ಇಕ್ಕಳದ ಹಿಡಿಯಿಂದ ಒಂದೇಟು. ಹೊಸ ಡಾಕ್ಟರುಗಳು ಇದನ್ನು ಮೊದಲ ವಾರದಲ್ಲೇ ಕಲಿಯುತ್ತಿದ್ದರು. ಏಟು ಕೊಡುವ ಮುನ್ನ ಸಿಸ್ಟರ್ ಯೋಚಿಸುತ್ತಿರಲಿಲ್ಲ, ಕೈ ಯಾರದೆಂದು ನೋಡುತ್ತಲೂ ಇರಲಿಲ್ಲ.

ಈಗಲೂ ನೋಡಲಿಲ್ಲ. ಬ್ಯಾಟಿನ ಅಂಚು ಮೇಷ್ಟ್ರ ಮಣಿಕಟ್ಟಿನ ಎಲುಬಿಗೆ ಟಕ್ಕೆಂದು ಬಿತ್ತು. ಮೇಷ್ಟ್ರ ಬ್ಯಾಟು ಒಂದು ಕಡೆ, ಮೇಷ್ಟ್ರು ಒಂದು ಕಡೆ. ಚೆಂಡು ಮೇಜಿನ ಮೇಲೆ ಎರಡು ಸಲ ಕುಪ್ಪಳಿಸಿ ಬೆಂಚಿನ ಕೆಳಗೆ ಹೋಯಿತು.

ಪೆನ್ಸಿಲ್ಲನ್ನು ಗೀಟುಗಳ ಪಕ್ಕ ಹಿಡಿದು ತಮ್ಮ ಕೇಳಿದ: “ಅಕ್ಕ, ಇದನ್ನ ಹೆಂಗೆ ಬರೀಲಿ?”

ಮಣಿಕಟ್ಟು ನೋಡನೋಡುತ್ತ ಊದಿಕೊಂಡಿತು. ಸಿಸ್ಟರ್ ಗಂಡನನ್ನು ಬೆಂಚಿನ ಮೇಲೆ ಕೂರಿಸಿ, ಬೆರಳು ಒಂದೊಂದಾಗಿ ಮಡಿಸಿ ನೋಡಿದರು. ಮುರಿದಿರಲಿಲ್ಲ. ಎಲೆಕ್ಟ್ರೀಷಿಯನ್ ಪಕ್ಕದ ಅಂಗಡಿಯಿಂದ ಐಸು ತಂದ. ದಂತವೈದ್ಯರು ತಾವೂ ಡಾಕ್ಟರೇ ಎಂದು ನೆನಪಿಸಿಕೊಂಡು ಎದ್ದುಬಂದರು, ಸಿಸ್ಟರ್ ಮುಖ ನೋಡಿ ಹೋಗಿ ಕೂತರು.

“ಮೂರು ವಾರ ಈ ಕೈ ಆಡಿಸೋ ಹಾಗಿಲ್ಲ,” ಎಂದರು ಸಿಸ್ಟರ್ ಪಟ್ಟಿ ಸುತ್ತುತ್ತ.

ಪಂದ್ಯಕ್ಕೆ ಇದ್ದದ್ದು ಎರಡು ವಾರ. ಆದರೆ ಮೇಷ್ಟ್ರ ತಲೆ ಅಲ್ಲಿರಲಿಲ್ಲ. “ನಾನು ಮುಟ್ಟಿಲ್ಲ,” ಎಂದರು.

“ಏನು?”

“ಚೆಂಡು. ಮುಟ್ಟಿಲ್ಲ. ಮುಟ್ಟೋಕೆ ಮೊದಲೇ ನೀನು ಹೊಡೆದೆ. ಮಾತು ಆಗಿದ್ದು ಮುಟ್ಟಿದರೆ ಅಂತ. ಹೇಳೋ, ನೀನೇ ನೋಡಿದೀಯಲ್ಲ.”

“ಭಾವ, ಕೈ ಬಾಟಲಿ ಥರ ಆಗಿದೆ. ಸುಮ್ನಿರಿ,” ಎಂದ ತಮ್ಮ.

ಸಿಸ್ಟರ್ ಪಟ್ಟಿಯ ತುದಿಯನ್ನು ಒಳಗೆ ಸೇರಿಸಿ ಗಂಡನ ಎದುರಿಗೆ ಕೂತರು. “ನೋಡಿ. ಹೊಡೆದದ್ದು ತಪ್ಪು, ಒಪ್ಕೋತೀನಿ. ಪಂತ ನೀವೇ ಗೆದ್ದಿರಿ, ಅದನ್ನೂ ಒಪ್ಕೋತೀನಿ. ಆದರೂ ನಾನು ಮೇಡಂ ಜೊತೆಗೇ ಆಡ್ತೀನಿ. ಈ ಕೈ ನೆಟ್ಟಗಿದ್ದಿದ್ದರೂ ಅಲ್ಲಿಗೇ ಹೋಗ್ತಿದ್ದೆ. ಮುಕ್ಕಾಲು ಗೇಮು ನನ್ನ ಚೆಂಡು ನಾನೇ ಆಡಿದೆ ಇವತ್ತು. ಇನ್ನು ಬಿಟ್ಟುಕೊಡೋದಿಲ್ಲ.”

ಮೇಷ್ಟ್ರು ಎಡಗೈಯಿಂದ ಪಟ್ಟಿಯ ತುದಿಯನ್ನು ಎಳೆದು ನೋಡಿದರು. ಐಸು ಕರಗಿ ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ನಂಗೆ ಆಡಬೇಕು ಕಣೆ,” ಎಂದರು ಕಡೆಗೆ. ಅದರಲ್ಲಿ ಪಾಠವಾಗಲಿ ವಾದವಾಗಲಿ ಇರಲಿಲ್ಲ.

“ಆಡಿ, ಬೇಡ ಅಂದೆನಾ? ಸಿಂಗಲ್ಸ್ ಆಡಿ.”

“ಸಿಂಗಲ್ಸ್‌ನಲ್ಲಿ ಸೋಲ್ತೀನಿ.”

“ಸೋಲಿ.”

“ಬಲಗೈ ಇಲ್ಲ.”

“ಎಡಗೈ ಇದೆ.”

“ಎಡಗೈಯಲ್ಲಿ ನಂಗೆ ಹಲ್ಲುಜ್ಜೋಕೂ ಬರಲ್ಲ.”

“ಹಾಗಾದರೆ ಕಲೀರಿ,” ಎಂದು ಸಿಸ್ಟರ್ ಎದ್ದು ಬೆಂಚಿನ ಕೆಳಗಿನ ಚೆಂಡನ್ನು ಹುಡುಕಲು ಹೋದರು.

ಶನಿವಾರ ಎರಡು ಫಾರಂ ಹೋದವು. ಎರಡನೆಯದರ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು, ಎಡಗೈಯಲ್ಲಿ ಬರೆದದ್ದು. ಅಲ್ಲಿಂದ ಮುಂದಿನ ಎರಡು ವಾರ ಮನೆಯಲ್ಲಿ ನಡೆದದ್ದನ್ನು ಸಿಸ್ಟರ್ ಯಾರಿಗೂ ಪೂರ್ತಿ ಹೇಳಿಲ್ಲ. ಊಟದ ಮೇಜನ್ನು ಗೋಡೆಗೆ ಒತ್ತಿ, ಬೆಳಗ್ಗೆ ಆರರಿಂದ ಟಕ್ ಟಕ್ ಟಕ್. ಚೆಂಡು ಹಾಲಿನ ಪಾತ್ರೆಯಲ್ಲಿ, ಚೆಂಡು ಫ್ರಿಜ್ಜಿನ ಹಿಂದೆ, ಚೆಂಡು ಸಿಸ್ಟರ್ ಕನ್ನಡಕಕ್ಕೆ. ಮೂರನೆಯ ದಿನದಿಂದ ಅವರು ನಿಂತುಕೊಂಡೇ ಊಟ ಮಾಡಿದರು. ಮೇಷ್ಟ್ರು ಎಡಗೈಗೆ ಗಟ್ಟಿಯಾಗಿ ಪಾಠ ಹೇಳುತ್ತಿದ್ದರು. ಅದೂ ಇತರ ಶಿಷ್ಯರ ಹಾಗೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ಉಪಕಾರವಾಯಿತು. ಹಾಲು ಉಕ್ಕಿದರೆ ಉಕ್ಕುತ್ತಿತ್ತು.

ಪಂದ್ಯದ ದಿನ ಸಿಸ್ಟರ್ ಮತ್ತು ಮೇಡಂ ಮೊದಲ ಸುತ್ತು ಗೆದ್ದರು. ಇಡೀ ಆಟದಲ್ಲಿ ಅವರು ಪರಸ್ಪರ ಆಡಿದ ಮಾತು ಎರಡು: ಒಂದು ‘ಲೇಸು ಬಿಚ್ಚಿದೆ’, ಇನ್ನೊಂದು ‘ಗೆದ್ವಿ ಅನ್ಸುತ್ತೆ’. ಎರಡನೆಯ ಸುತ್ತಿನಲ್ಲಿ ಇಬ್ಬರು ಜೀವಶಾಸ್ತ್ರದ ಉಪನ್ಯಾಸಕಿಯರ ಕೈಯಲ್ಲಿ ಐದು ಗೇಮು ಆಡಿ ಸೋತರು. ಸೋತು ಬಂದು ಕೂತಾಗ ಸಿಸ್ಟರ್‌ಗೆ ಹಸಿವೆ ಎಷ್ಟಾಗಿತ್ತೆಂದರೆ, ಮೇಡಂ ಡಬ್ಬಿಯ ಬಿಸ್ಕತ್ತನ್ನೂ ತಿಂದುಬಿಟ್ಟರು.

ಅರವತ್ತೈದು ದಾಟಿದವರ ಸಿಂಗಲ್ಸ್‌ನಲ್ಲಿ ಮೇಷ್ಟ್ರಿಗೆ ಎದುರಾದದ್ದು ಎಪ್ಪತ್ತೊಂಬತ್ತರ ಟೈಲರ್ ಒಬ್ಬರು. ಕತ್ತಿನಲ್ಲಿ ಟೇಪು ಹಾಕಿಕೊಂಡೇ ಬಂದು, ಅಂಪೈರು ಹೇಳಿದ ಮೇಲೆ ತೆಗೆದಿಟ್ಟರು. ಹನ್ನೊಂದು–ಎರಡು, ಹನ್ನೊಂದು–ಒಂದು, ಹನ್ನೊಂದು–ಮೂರು. ಎಲ್ಲ ಮುಗಿಯಲು ಹದಿನಾರು ನಿಮಿಷ. ಸಿಸ್ಟರ್ ದೂರದ ಬೆಂಚಿನಿಂದ ನೋಡಿ, ಇನ್ನು ಮನೆಯಲ್ಲಿ ಒಂದು ತಿಂಗಳು ಮೌನ ಎಂದು ಲೆಕ್ಕ ಹಾಕಿದರು. ಅವರ ಲೆಕ್ಕ ತಪ್ಪಾಗುವುದು ಅಪರೂಪ.

ಮೇಷ್ಟ್ರು ಟವೆಲ್ಲು ಹೊದ್ದು, ಮುಖವೆಲ್ಲ ಬೆಳಗಿಕೊಂಡು ಬಂದರು. “ಆರು ಪಾಯಿಂಟು,” ಎಂದರು. “ಎಡಗೈ ಶುರು ಮಾಡಿ ಹದಿನೈದು ದಿನ. ಆರು. ಮೊದಲನೇದು ಹೆಂಗಾಯ್ತು ಗೊತ್ತಾ?”

ಮೊದಲನೆಯದು ಹೇಗಾಯಿತೆಂದು ಆ ವಾರದಲ್ಲಿ ಸಿಸ್ಟರ್ ಒಂಬತ್ತು ಸಲ ಕೇಳಿಸಿಕೊಂಡರು. ಆರರಲ್ಲಿ ಎರಡು ಟೈಲರ್ ತಾವೇ ಸರ್ವಿಸನ್ನು ನೆಟ್ಟಿಗೆ ಹೊಡೆದು ಕೊಟ್ಟದ್ದೆಂದು ಅಂಕ ಬರೆದ ತಮ್ಮನಿಗೆ ಗೊತ್ತಿತ್ತು. ಸಿಸ್ಟರ್ ಅವನನ್ನು ಅಡುಗೆಮನೆಗೆ ಕರೆದು, “ಬಾಯಿ ಬಿಟ್ಟೆಯೋ, ನಿನ್ನ ಬೆನ್ನಿಗೆ ನಾನು ಇನ್ನು ಎಣ್ಣೆ ಹಚ್ಚಲ್ಲ,” ಎಂದು ಎಚ್ಚರಿಸಿದರು.

ಗುರುವಾರ ಸಂಜೆ ಅವರು ಬೂಟಿನ ಲೇಸು ಕಟ್ಟುತ್ತಿದ್ದಾಗ ಮೇಷ್ಟ್ರು ಎಡಗೈಯಲ್ಲಿ ಬ್ಯಾಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಎರಡನೇ ಟೇಬಲ್ಲಲ್ಲಿ ನಂಗೆ ಆರೂವರೆಗೆ. ದಂತವೈದ್ಯರ ಜೊತೆ ಸಿಂಗಲ್ಸು. ಜೊತೆಗೇ ಹೋಗೋಣ.”

ಹೋದರು. ದಾರಿಯುದ್ದಕ್ಕೂ ಮೇಷ್ಟ್ರು ನಾಲ್ಕನೆಯ ಪಾಯಿಂಟನ್ನು ವಿವರಿಸಿದರು. ಅದು ಟೈಲರ್ ನೆಟ್ಟಿಗೆ ಹೊಡೆದದ್ದು. ತಾವು ನಿಂತ ಭಂಗಿ ನೋಡಿಯೇ ಟೈಲರಿಗೆ ಕೈ ನಡುಗಿತು ಎನ್ನುವುದು ಮೇಷ್ಟ್ರ ಅಭಿಪ್ರಾಯ. ಸಿಸ್ಟರ್ ‘ಹೂಂ’ ಎಂದರು. ಹಾಲಿನ ಬಾಗಿಲಲ್ಲಿ ಇನ್ನೊಂದು ಸಲ ‘ಹೂಂ’ ಎಂದು, ಮೇಡಂ ಕಾಯುತ್ತಿದ್ದ ಟೇಬಲ್ಲಿಗೆ ಬೇಗ ಬೇಗ ನಡೆದರು. ಕೇಳುವವರು ಹೋದದ್ದನ್ನು ಗಮನಿಸಿದ ಮೇಷ್ಟ್ರು, ಬಲ್ಬು ಬದಲಾಯಿಸಲು ಏಣಿ ಹತ್ತಿದ್ದ ಎಲೆಕ್ಟ್ರೀಷಿಯನ್ನನ ಕೆಳಗೆ ಹೋಗಿ ನಿಂತು, ಮೊದಲನೆಯ ಪಾಯಿಂಟಿನಿಂದ ಶುರು ಮಾಡಿದರು.